ಮೊದಲ ರೂಬಿಕ್ಸ್ ಕ್ಯೂಬ್ ಸ್ಪರ್ಧೆಗೆ ಮೂರು ವಾರ ಇದೆ, ಹಳೇ ಕ್ಯೂಬ್‌ನ ಒಂದು ಸ್ಟಿಕ್ಕರ್ ಕಿತ್ತುಹೋಗಿದೆ. ಚೆಕಿಂಗ್‌ನಲ್ಲಿ ಪಾಸಾಗುವ ಹೊಸ ಕ್ಯೂಬ್ ಯಾವುದು?

ಹೊಸ ಕ್ಯೂಬ್ ತಗೋಬೇಡಿ. ಮೂರು ವಾರ ಇರುವಾಗ ಬೇಡವೇ ಬೇಡ. ಯಾಕೆ ಅಂತ ಹೇಳುವುದಕ್ಕೆ ನನ್ನ ಕಥೆಯನ್ನೇ ಹೇಳಬೇಕಾಗುತ್ತದೆ, ಸ್ವಲ್ಪ ಉದ್ದ ಆಗಬಹುದು.

2016ರಲ್ಲಿ ನಾನು ನೀವು ಈಗ ನಿಂತಿರುವ ಜಾಗದಲ್ಲೇ ನಿಂತಿದ್ದೆ. ಮೊದಲ ಸ್ಪರ್ಧೆ, ಎರಡು ವರ್ಷ ಕೈಯಲ್ಲಿ ಸವೆದ ಕ್ಯೂಬ್, ಒಂದು ಹಾಳಾದ ಸ್ಟಿಕ್ಕರ್. ಕಪ್ಪು ಪ್ಲಾಸ್ಟಿಕ್ ಮೇಲೆ ವಿನೈಲ್ ಸ್ಟಿಕ್ಕರ್ ಅಂಟಿಸಿದ 3×3. ಆ ಕ್ಯೂಬ್ ನನ್ನ ಬೆರಳಿಗೆ ಎಷ್ಟು ಒಗ್ಗಿತ್ತು ಅಂದರೆ, ಯಾರ ಜೊತೆಗೋ ಮಾತಾಡುತ್ತಾ ನೋಡದೇ ತಿರುಗಿಸುತ್ತಿದ್ದೆ. ಮನೆಯಲ್ಲಿ ಸರಾಸರಿ 24 ಸೆಕೆಂಡ್ ಬರುತ್ತಿತ್ತು. ದೊಡ್ಡ ವೇಗವೇನಲ್ಲ, ಆದರೆ ಎರಡನೇ ಸುತ್ತಿಗೆ ಹೋಗಬಹುದು ಅನ್ನುವ ನಂಬಿಕೆ ಇತ್ತು.

ಸ್ಪರ್ಧೆಯ ಹಿಂದಿನ ರಾತ್ರಿ ಕ್ಯೂಬನ್ನು ಒರೆಸುತ್ತಾ ಕೂತಿದ್ದೆ. ಕೆಂಪು-ನೀಲಿ ಎಡ್ಜ್ ತುಂಡಿನ (ಎರಡು ಬಣ್ಣ ಇರುವ ಅಂಚಿನ ತುಂಡು) ಕೆಂಪು ಸ್ಟಿಕ್ಕರ್ ಒಂದು ಮೂಲೆಯಲ್ಲಿ ಹರಿದಿತ್ತು. ಉಗುರು ತಾಗಿ ತಾಗಿ ಹರಿದಿದ್ದು. ನನ್ನ ಹತ್ತಿರ ಹೊಸ ಕೆಂಪು ಸ್ಟಿಕ್ಕರ್‌ಗಳ ಹಾಳೆ ಇತ್ತು, ಒಂದು ಮುಖಕ್ಕೆ ಬೇಕಾದ ಒಂಬತ್ತು. ಹರಿದದ್ದನ್ನು ಕಿತ್ತೆ, ಹೊಸದೊಂದನ್ನು ಅಂಟಿಸಿದೆ, ಹೆಬ್ಬೆರಳಿನಿಂದ ಒತ್ತಿದೆ. ಎರಡು ನಿಮಿಷದ ಕೆಲಸ. ಉಳಿದ ಎಂಟು ಹಾಳೆಯಲ್ಲೇ ಉಳಿದವು. ಹಾಳೆಯನ್ನು ಮೇಜಿನ ಡ್ರಾಯರ್‌ಗೆ ಹಾಕಿದೆ.

ತಂಗಿ ಅಲ್ಲೇ ಓದುತ್ತಾ ಕೂತಿದ್ದಳು. ಅವಳಿಗೆ ಕ್ಯೂಬ್ ಬಿಡಿಸುವುದಕ್ಕೆ ಬರುವುದಿಲ್ಲ. ಒಂದು ಸಲ ತಲೆ ಎತ್ತಿ ನೋಡಿ, "ಇದೊಂದು ಮಾತ್ರ ಎಷ್ಟು ಚೆನ್ನಾಗಿ ಹೊಳೀತಿದೆ ಅಲ್ವಾ ಅಣ್ಣಾ" ಅಂದಳು. ನನಗೆ ಖುಷಿಯಾಯಿತು. ಆ ಮಾತಿನಲ್ಲಿದ್ದ ಎಚ್ಚರಿಕೆ ನನಗೆ ಕೇಳಿಸಲೇ ಇಲ್ಲ. ಕ್ಯೂಬ್ ಬಾರದ ಒಬ್ಬಳು ಒಂದೇ ನೋಟಕ್ಕೆ 54 ಸ್ಟಿಕ್ಕರ್‌ಗಳ ನಡುವೆ ಒಂದನ್ನು ಹುಡುಕಿದ್ದಳು.

ಬೆಳಿಗ್ಗೆ ಎಲ್ಲರಂತೆ ನಾನೂ ಕ್ಯೂಬನ್ನು ಸಮಯ ಬರೆಯುವ ಕಾರ್ಡಿನ ಜೊತೆ ಕೊಟ್ಟು ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಕರೆದರು, ಆದರೆ ಆಡುವುದಕ್ಕಲ್ಲ. ಸ್ಕ್ರಾಂಬಲ್ ಮಾಡುವ, ಅಂದರೆ ಕ್ಯೂಬ್ ಕಲಸಿ ಕೊಡುವ ಮೇಜಿನ ಹತ್ತಿರ ಡೆಲಿಗೇಟ್ (ನಿಯಮ ನೋಡಿಕೊಳ್ಳುವ ಅಧಿಕಾರಿ) ನನ್ನ ಕ್ಯೂಬ್ ಹಿಡಿದು ನಿಂತಿದ್ದರು. ಸ್ಕ್ರಾಂಬಲ್ ಮಾಡುವವರೇ ಗಮನಿಸಿ ಅವರನ್ನು ಕರೆದಿದ್ದರಂತೆ. ಡೆಲಿಗೇಟ್ ಏನೂ ಗದರಲಿಲ್ಲ. ಕ್ಯೂಬನ್ನು ಮೇಜಿನ ಮೇಲಿಟ್ಟು, "ನೋಡಿ, ಈ ತುಂಡು ಬೇರೆ ಥರ ಕಾಣುತ್ತಿದೆ, ಇದನ್ನು ಬಿಡೋಕಾಗಲ್ಲ" ಅಂದರು.

ನಾನು ವಾದ ಮಾಡಿದೆ. ಹರಿದದ್ದನ್ನು ಸರಿ ಮಾಡಿದ್ದೇನೆ ಅಷ್ಟೇ, ಇದರಿಂದ ನನಗೇನೂ ಲಾಭ ಇಲ್ಲ ಅಂದೆ. ಅವರು ಕೊಟ್ಟ ಉತ್ತರ ಇವತ್ತಿಗೂ ನೆನಪಿದೆ. "ನಿಮಗೆ ಲಾಭ ಆಗುತ್ತಾ ಇಲ್ವಾ ಅಂತ ನಾನು ಅಳೆಯೋಕಾಗಲ್ಲ. ಈ ತುಂಡು ಎದ್ದು ಕಾಣುತ್ತಾ ಅಂತ ಮಾತ್ರ ನೋಡಬಹುದು." ಆಮೇಲೆ ಇನ್ನೊಂದು ಮಾತು ಹೇಳಿದರು, ಅದು ನನ್ನನ್ನು ಜಾಸ್ತಿ ನೋಯಿಸಿತು. "ಉಳಿದ ಸ್ಟಿಕ್ಕರ್‌ಗಳು ಸವೆದಿರೋದು ಪರವಾಗಿಲ್ಲ, ಎಲ್ಲಾ ಒಂದೇ ಥರ ಸವೆದಿವೆ. ಉಳಿದ ಎಂಟು ಕೆಂಪು ಸ್ಟಿಕ್ಕರ್ ತಂದಿದ್ದೀರಾ? ಐದು ನಿಮಿಷ ಕೊಡ್ತೀನಿ, ಹಾಕ್ಕೊಳ್ಳಿ."

ಅವು ಡ್ರಾಯರ್‌ನಲ್ಲಿದ್ದವು.

ಈ ಒಂದು ಸ್ಟಿಕ್ಕರ್ ಯಾಕೆ ತಪ್ಪು ಅಂತ ಆ ದಿನ ನನಗೆ ಒಪ್ಪಿಕೊಳ್ಳುವುದಕ್ಕೇ ಆಗಲಿಲ್ಲ. ಮನೆಗೆ ಬಂದು ಅದೇ ಕ್ಯೂಬನ್ನು ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ನೋಡಿದ ಮೇಲೆ ಅರ್ಥವಾಯಿತು. ನಿಮಗೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಮಾಡಲು ಹೊರಟಿರುವುದೂ ಇದನ್ನೇ ಇರಬಹುದು.

ಕೆಂಪು ಮುಖದಲ್ಲಿ ಒಂದು ಸೆಂಟರ್, ನಾಲ್ಕು ಕಾರ್ನರ್, ನಾಲ್ಕು ಎಡ್ಜ್. ನಾಲ್ಕು ಎಡ್ಜ್‌ಗಳ ಇನ್ನೊಂದು ಬದಿ ಬಿಳಿ, ಹಳದಿ, ನೀಲಿ ಅಥವಾ ಹಸಿರು. ಕ್ರಾಸ್ (ಮೊದಲ ಮುಖದ ಕೂಡು ಗುರುತಿನ ಆಕಾರ) ಮುಗಿಸಿ ಕಾರ್ನರ್-ಎಡ್ಜ್ ಜೋಡಿಗಳನ್ನು ಹುಡುಕುವಾಗ ಒಂದು ಎಡ್ಜ್‌ನ ಕೆಂಪು ಬದಿ ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಅದು ಕೆಂಪು-ನೀಲಿಯೋ ಕೆಂಪು-ಹಸಿರೋ ಅಂತ ಅಷ್ಟರಿಂದಲೇ ಗೊತ್ತಾಗುವುದಿಲ್ಲ. ಇನ್ನೊಂದು ಬದಿ ನೋಡಲೇಬೇಕು. ಆ ಬದಿ ಹಿಂದೆ ಇದ್ದರೆ ಕ್ಯೂಬನ್ನು ತಿರುಗಿಸಬೇಕು ಅಥವಾ ಓರೆ ಮಾಡಬೇಕು. ನಮ್ಮ ಸಮಯ ಹೋಗುವುದೇ ಇಂಥ ಕಡೆ. ಕೈ ನಿಧಾನ ಆಗುವುದಕ್ಕಿಂತ ಜಾಸ್ತಿ ಕಣ್ಣು ಹುಡುಕುತ್ತಾ ನಿಲ್ಲುತ್ತದೆ.

ನನ್ನ ಕ್ಯೂಬ್‌ನಲ್ಲಿ ಆ ಹೊಳೆಯುವ ಕೆಂಪು ಎಲ್ಲಿ ಕಂಡರೂ ಅದು ಕೆಂಪು-ನೀಲಿಯೇ. ಇನ್ನೊಂದು ಬದಿ ನೋಡಬೇಕಾಗಿಯೇ ಇಲ್ಲ. ಕಣ್ಣಂಚಿಗೆ ಬಿದ್ದರೂ ಸಾಕು. ಶುರುವಿನಲ್ಲಿ ಕ್ಯೂಬ್ ನೋಡಿಕೊಳ್ಳಲು ಕೊಡುವ 15 ಸೆಕೆಂಡ್ ಇನ್‌ಸ್ಪೆಕ್ಷನ್‌ನಲ್ಲೂ ಅದು ತಾನಾಗಿಯೇ ಕಾಣುತ್ತದೆ. ನಾನು ಬೇಕಂತ ಮಾಡಿರಲಿಲ್ಲ ನಿಜ. ಆದರೆ ಕಣ್ಣು ನಮ್ಮನ್ನು ಕೇಳಿ ನೋಡುವುದಿಲ್ಲ ಅಲ್ವಾ? ನೋಡಬಾರದು ಅಂದುಕೊಂಡರೂ ನೋಡಿಬಿಡುತ್ತದೆ. ಎಷ್ಟು ಸಮಯ ಉಳಿಯುತ್ತಿತ್ತು ಅಂತ ಕೇಳಬೇಡಿ, ತುಂಬಾ ಕಡಿಮೆ. ಇನ್ನೊಬ್ಬರ ಕ್ಯೂಬ್ ಹೇಳದ ಒಂದು ವಿಷಯವನ್ನು ನನ್ನ ಕ್ಯೂಬ್ ನನಗೆ ಹೇಳುತ್ತಿತ್ತು, ಅಷ್ಟೇ. ವರ್ಲ್ಡ್ ಕ್ಯೂಬ್ ಅಸೋಸಿಯೇಷನ್‌ನ ನಿಯಮ ಹೇಳುವುದೂ ಇದನ್ನೇ: ಒಂದು ತುಂಡನ್ನು ಅದರಂಥದ್ದೇ ಇನ್ನೊಂದು ತುಂಡಿನಿಂದ ಬೇರೆ ಮಾಡಿ ತೋರಿಸುವ ಗುರುತು, ಉಬ್ಬು, ಹಾನಿ ಇರಬಾರದು. ಬಳಕೆಯಿಂದಾಗುವ ಮಾಮೂಲಿ ಸವೆತವನ್ನು ಡೆಲಿಗೇಟ್ ನೋಡಿ ಬಿಡಬಹುದು. ಸವೆದ ಎಂಟು ಪಾಸಾಗಿ ಹೊಸದೊಂದು ಫೇಲಾಗಿದ್ದು ಹೀಗೆ.

ಕಥೆ ಮುಂದುವರಿಸುತ್ತೇನೆ. ಕ್ಯೂಬ್ ಇಲ್ಲದೆ ನಿಂತಿದ್ದೆ. ಪಝಲ್ ನಾವೇ ತರಬೇಕು ಅನ್ನುವುದು ನಿಯಮ, ಅವರು ಕೊಡುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಹತ್ತು ವರ್ಷದ ಹುಡುಗ ಎಲ್ಲಾ ಕೇಳಿಸಿಕೊಂಡಿದ್ದ. "ಅಣ್ಣಾ, ನನ್ನದು ತಗೊಳ್ಳಿ, ನನ್ನ ಹತ್ರ ಎರಡಿದೆ" ಅಂತ ಕೊಟ್ಟ. ಸ್ಟಿಕ್ಕರ್‌ಲೆಸ್ ಕ್ಯೂಬ್, ಅಂದರೆ ಸ್ಟಿಕ್ಕರ್ ಇಲ್ಲದೆ ಬಣ್ಣದ ಪ್ಲಾಸ್ಟಿಕ್‌ನಲ್ಲೇ ಮಾಡಿದ್ದು. ಅವನ ಕೈಗೆ ಬೇಕಾದ ಹಾಗೆ ತುಂಬಾ ಸಡಿಲ ಮಾಡಿಟ್ಟಿದ್ದ, ಲೂಬ್ (ಸಲೀಸಾಗಿ ತಿರುಗಲು ಹಾಕುವ ಜಾರುದ್ರವ) ಕೂಡ ಧಾರಾಳ. ನಾನು ಬಿಗಿ ಕ್ಯೂಬ್‌ಗೆ ಒಗ್ಗಿದವನು. ನನ್ನ ಬೆರಳು ತಳ್ಳುವ ಜೋರಿಗೆ ಅವನ ಕ್ಯೂಬ್‌ನ ಪದರ ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದಕ್ಕೆ ಜಾರುತ್ತಿತ್ತು. ಪ್ಲಾಸ್ಟಿಕ್‌ನ ಬಣ್ಣಗಳೂ ನನ್ನದಕ್ಕಿಂತ ತೆಳು, ಕೆಂಪು-ಕಿತ್ತಳೆಗಳಲ್ಲಿ ಎರಡು ಸಲ ಗೊಂದಲವಾಯಿತು.

ಮೊದಲ ಪ್ರಯತ್ನ 29.41. ಎರಡನೆಯದರಲ್ಲಿ ಕೊನೆಯ ಪದರದ ಹೊತ್ತಿಗೆ ನೋಡಿದರೆ ಒಂದು ಕಾರ್ನರ್ ಇದ್ದಲ್ಲೇ ತಿರುಚಿಕೊಂಡಿತ್ತು. ಸಡಿಲ ಕ್ಯೂಬ್‌ನಲ್ಲಿ ಇದು ಆಗುತ್ತದೆ. ಒಂದು ಕಾರ್ನರ್ ಹಾಗೆ ತಿರುಚಿದರೆ ಎಷ್ಟೇ ತಿರುಗಿಸಿದರೂ ಕ್ಯೂಬ್ ಮುಗಿಯುವುದಿಲ್ಲ. ಅದನ್ನು ಕೈಯಿಂದ ತಿರುಚಿ ಸರಿ ಮಾಡಿದರೆ ಮೋಸ ಆಗುತ್ತದೆ ಅಂದುಕೊಂಡು ನಾನು ಕ್ಯೂಬ್ ಕೆಳಗಿಟ್ಟು ನಿಲ್ಲಿಸಿಬಿಟ್ಟೆ. ಡಿಎನ್‌ಎಫ್, ಅಂದರೆ ಪ್ರಯತ್ನ ಮುಗಿಸಲಿಲ್ಲ ಅಂತ ಲೆಕ್ಕ. ಬಿಡಿಸಲಾಗದ ಕ್ಯೂಬನ್ನು ಒಂದೇ ಕಾರ್ನರ್ ತಿರುಚಿ ಸರಿಪಡಿಸಬಹುದು ಅಂದರೆ ಸರಿಪಡಿಸಿಕೊಂಡು ಮುಂದುವರಿಯುವುದಕ್ಕೆ ನಿಯಮವೇ ಬಿಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಟೈಮರ್ ಓಡುತ್ತಲೇ ಇರುತ್ತದೆ, ಆದರೆ ಪ್ರಯತ್ನ ಉಳಿಯುತ್ತದೆ. ನೀವಾದರೂ ಇದನ್ನು ನೆನಪಿಡಿ. ಕ್ಯೂಬ್ ಕೈಕೊಟ್ಟಿತು ಅಂತ ಇನ್ನೊಂದು ಪ್ರಯತ್ನ ಕೊಡುವುದಿಲ್ಲ. ನಡುವೆ ಬೇರೆ ಕ್ಯೂಬ್‌ಗೆ ಬದಲಾಯಿಸುವ ಹಾಗೂ ಇಲ್ಲ.

ಮೂರನೆಯದು 26.80ಕ್ಕೆ ನಿಂತಿತು. ಕೈ ಟೈಮರ್ ಮೇಲಿಟ್ಟು ಉಸಿರು ಬಿಟ್ಟೆ. ಜಡ್ಜ್ ಕ್ಯೂಬನ್ನು ಮುಟ್ಟದೆ ಬಗ್ಗಿ ನೋಡಿದರು. ಮೇಲಿನ ಪದರ ಜಾರಿ 45 ಡಿಗ್ರಿ ದಾಟಿ ನಿಂತಿತ್ತು. ಅಂದರೆ ಮುಗಿಯಲು ಇನ್ನೂ ಒಂದು ತಿರುವು ಬಾಕಿ, ಪ್ಲಸ್ ಟು, ಎರಡು ಸೆಕೆಂಡ್ ದಂಡ. 28.80. ನಾಲ್ಕನೆಯದು 25.12, ಐದನೆಯದು 27.33. ಐದರಲ್ಲಿ ಅತ್ಯುತ್ತಮ ಮತ್ತು ಅತಿ ಕೆಟ್ಟದ್ದನ್ನು ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. 25.12 ಹೋಯಿತು, ಡಿಎನ್‌ಎಫ್ ಹೋಯಿತು, ಉಳಿದದ್ದು 28.51. ಎರಡನೇ ಸುತ್ತಿಗೆ ಹೋದವರಲ್ಲಿ ಕೊನೆಯವರ ಸರಾಸರಿ 27.96. ಆ ಪ್ಲಸ್ ಟು ಇಲ್ಲದಿದ್ದರೆ ನನ್ನದು 27.85 ಆಗುತ್ತಿತ್ತು. ಎಷ್ಟು ಸಲ ಲೆಕ್ಕ ಹಾಕಿದ್ದೇನೋ! ನನ್ನ ಬಿಗಿ ಕ್ಯೂಬ್ ಕೈಯಲ್ಲಿದ್ದರೆ ಆ ಪದರ ಜಾರುತ್ತಲೇ ಇರಲಿಲ್ಲ. ಆ ಹುಡುಗನದು ಏನೂ ತಪ್ಪಿಲ್ಲ, ಅವನು ಕೊಡದಿದ್ದರೆ ನನಗೆ ಕಾರ್ಡಿನಲ್ಲಿ ಬರೆಸಲು ಒಂದು ಸಮಯವೂ ಇರುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಪಾಸಾಗುವ ಕ್ಯೂಬ್" ಅಂತ ಒಂದು ಮಾಡೆಲ್ ಇಲ್ಲ. ಯಾವ ಕಂಪನಿಯದಾದರೂ ತರಬಹುದು. ಮ್ಯಾಗ್ನೆಟ್ ಇದ್ದರೆ ತೊಂದರೆ ಇಲ್ಲ. ಲೂಬ್ ಹಾಕಬಹುದು, ಟೆನ್ಶನ್ ಬಿಗಿ-ಸಡಿಲ ಮಾಡಬಹುದು. ಕ್ಯೂಬ್ ಎಷ್ಟು ಸಲೀಸಾಗಿ ತಿರುಗುತ್ತದೆ ಅನ್ನುವುದಕ್ಕೆ ನಿಯಮ ತಲೆಹಾಕುವುದಿಲ್ಲ. ಕ್ಯೂಬ್ ನಿಮಗೆ ಹೇಳಬಾರದ್ದನ್ನು ಹೇಳುತ್ತದಾ ಅಂತ ನೋಡುತ್ತದೆ. ಹೀಗೆ ಯೋಚಿಸಿದರೆ ನಿಯಮ ಓದುವುದೂ ಸುಲಭವಾಗುತ್ತದೆ.

ಸ್ಟಿಕ್ಕರ್‌ಲೆಸ್ ಕ್ಯೂಬ್‌ಗಳಿಗೆ ಮೊದಲು ಅವಕಾಶವೇ ಇರಲಿಲ್ಲ ಗೊತ್ತಾ? 2015ರಲ್ಲಿ ಬಿಟ್ಟರು. ಬಣ್ಣ ಪ್ಲಾಸ್ಟಿಕ್‌ನಲ್ಲೇ ಇರುವುದರಿಂದ ಪದರವನ್ನು ಅರ್ಧ ತಿರುಗಿಸಿದಾಗ ಬೇರೆ ಮುಖದ ಬಣ್ಣ ಒಳಗಿನಿಂದ ಇಣುಕುತ್ತದೆ ಅನ್ನುವುದು ಆಗಿನ ಆತಂಕ. ಪಾರದರ್ಶಕ ಪ್ಲಾಸ್ಟಿಕ್‌ನ ಕ್ಯೂಬ್ ಚೆಂದ ಕಾಣುತ್ತದೆ, ಆದರೆ ಹಿಂದಿನ ಮುಖ ಕಾಣುವ ಹಾಗಿದ್ದರೆ ಸ್ಪರ್ಧೆಗೆ ಆಗುವುದಿಲ್ಲ. ಕಂಪನಿಯ ಲೋಗೋ 3×3ನಲ್ಲಿ ಒಂದು ಸೆಂಟರ್ ಮೇಲೆ ಇರುವುದು ಸರಿ, ಅದನ್ನೇ ಕಿತ್ತು ಎಡ್ಜ್ ಮೇಲೆ ಅಂಟಿಸಿದರೆ ಅದು ಗುರುತಾಗುತ್ತದೆ. ಸ್ಪರ್ಧೆಯಲ್ಲಿ ನಿಮಗಿಷ್ಟವಾದ ಆಟಗಾರರು ಸಿಕ್ಕಿದರೆ ಹಸ್ತಾಕ್ಷರ ಹಾಕಿಸಿಕೊಳ್ಳುವ ಆಸೆ ಆಗುತ್ತದೆ. ದಯವಿಟ್ಟು ಆಡುವ ಕ್ಯೂಬ್ ಮೇಲೆ ಬೇಡ, ಇನ್ನೊಂದು ಕ್ಯೂಬ್ ಇಟ್ಟುಕೊಳ್ಳಿ. ಈ ಒಂದು ಆಸೆಗೆ ಒಳ್ಳೆಯ ಕ್ಯೂಬ್ ಕಳೆದುಕೊಂಡವರನ್ನು ನೋಡಿದ್ದೇನೆ.

ಹೊಸ ಕ್ಯೂಬ್ ತಗೊಂಡರೆ ಸ್ಟಿಕ್ಕರ್ ಚಿಂತೆಯೇ ಇರುವುದಿಲ್ಲ ಅಂತ ನೀವು ಹೇಳಬಹುದು. ನಿಜ. ಆದರೆ ಹೊಸ ಕ್ಯೂಬ್ ಅಂದರೆ ಬೇರೆ ತೂಕ, ಬೇರೆ ವೇಗ, ಬೇರೆ ಬಣ್ಣದ ಛಾಯೆ. ನನಗೆ ಆ ಹುಡುಗನ ಕ್ಯೂಬ್ ಮಾಡಿದ್ದನ್ನೇ ನಿಮಗೆ ಹೊಸ ಕ್ಯೂಬ್ ಮಾಡುತ್ತದೆ. ಸ್ಪರ್ಧೆ ಮುಗಿಸಿ ಬನ್ನಿ, ಆಮೇಲೆ ನಿಧಾನವಾಗಿ ತಗೊಂಡು ಒಗ್ಗಿಸಿಕೊಳ್ಳಿ. ಈಗ ಕೈಗೆ ಗೊತ್ತಿರುವ ಕ್ಯೂಬನ್ನೇ ಸರಿ ಮಾಡಿ.

ಸರಿ ಮಾಡುವುದು ಅಂದರೆ ಆ ಬಣ್ಣದ ಒಂಬತ್ತನ್ನೂ ಬದಲಾಯಿಸುವುದು. ಒಂದನ್ನು ಮಾತ್ರ ಅಲ್ಲ, ಖಂಡಿತ ಅಲ್ಲ. ನಿಮ್ಮ ಕ್ಯೂಬ್‌ನ ತುಂಡುಗಳ ಆಕಾರಕ್ಕೇ ಕತ್ತರಿಸಿದ ಸ್ಟಿಕ್ಕರ್ ಹಾಳೆ ತರಿಸಿ. ಹೊಸ ಕೆಂಪು ನಿಮ್ಮ ಕಿತ್ತಳೆಗೆ ತೀರಾ ಹತ್ತಿರ ಇಲ್ಲ ಅಂತ ನೋಡಿಕೊಳ್ಳಿ. ಕ್ಯೂಬನ್ನು ಬಿಡಿಸಿದ ಸ್ಥಿತಿಯಲ್ಲೇ, ಅಂದರೆ ಆರೂ ಮುಖದ ಬಣ್ಣ ಕೂಡಿಸಿ ಇಟ್ಟುಕೊಂಡು, ಹೇರ್ ಡ್ರೈಯರ್‌ನಿಂದ ಮುಖಕ್ಕೆ ಸ್ವಲ್ಪ ಬಿಸಿ ಗಾಳಿ ಕೊಟ್ಟರೆ ಅಂಟು ಮೆತ್ತಗಾಗುತ್ತದೆ. ಮೂಲೆಯಿಂದ ಉಗುರು ಹಾಕಿ ನಿಧಾನವಾಗಿ ಎಬ್ಬಿಸಿ. ಉಳಿದ ಅಂಟನ್ನು ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಚಿಮುಟದಲ್ಲಿ ಹಿಡಿದು ಒಂದೊಂದಾಗಿ ಇಡಿ. ಮೊದಲು ಸೆಂಟರ್, ಆಮೇಲೆ ಎಡ್ಜ್, ಕೊನೆಗೆ ಕಾರ್ನರ್. ಹೀಗೆ ಮಾಡಿದರೆ ಸಾಲು ಓರೆ ಆಗುವುದಿಲ್ಲ. ನಡುವಿನಿಂದ ಅಂಚಿನ ಕಡೆಗೆ ಒತ್ತಿ, ಗಾಳಿ ಉಳಿಯಬಾರದು. ಇದನ್ನು ಈ ವಾರವೇ ಮಾಡಿ. ಹಿಂದಿನ ರಾತ್ರಿ ಅಂಟಿಸಿದ ಸ್ಟಿಕ್ಕರ್ ಬೆರಳ ಬಿಸಿಗೆ ಅಂಚಿನಲ್ಲಿ ಎದ್ದರೆ ಅದೂ ಒಂದು ಗುರುತೇ.

ಈ ನೆಪದಲ್ಲಿ ಕ್ಯೂಬನ್ನು ಪೂರ್ತಿ ಬಿಚ್ಚಿ ತೊಳೆಯುವ ಮನಸ್ಸಾದರೆ, ಜೋಡಿಸುವಾಗ ಬಿಡಿಸಿದ ಸ್ಥಿತಿಗೇ ಜೋಡಿಸಿ. ಸುಮ್ನೆ ಕೈಗೆ ಸಿಕ್ಕಂತೆ ಜೋಡಿಸಿದರೆ ಬಿಡಿಸಲು ಬರುವ ಸಾಧ್ಯತೆ 12ರಲ್ಲಿ ಒಂದು ಮಾತ್ರ.

ಆಮೇಲೆ ಎರಡು ಪರೀಕ್ಷೆ. ಬಿಡಿಸಿದ ಕ್ಯೂಬನ್ನು ಕಿಟಕಿ ಬೆಳಕಿನಲ್ಲಿ ಮೇಜಿನ ಮೇಲಿಟ್ಟು, ಕ್ಯೂಬ್ ಬಾರದ ಯಾರನ್ನಾದರೂ ಕರೆದು "ಇದರಲ್ಲಿ ಯಾವುದಾದರೂ ಒಂದು ಬೇರೆ ಥರ ಕಾಣುತ್ತಾ?" ಅಂತ ಕೇಳಿ. ಅವರು ಬೆರಳು ತೋರಿಸಿದರೆ ಡೆಲಿಗೇಟ್ ಕೂಡ ತೋರಿಸುತ್ತಾರೆ ಅಂತಲೇ ತಿಳಿಯಿರಿ. ಎರಡನೆಯದು, ಕಣ್ಣು ಮುಚ್ಚಿ ಆರೂ ಮುಖದ ಮೇಲೆ ಬೆರಳಾಡಿಸಿ. ಎಲ್ಲಾದರೂ ಬೆರಳು ತಡೆದರೆ ಅಲ್ಲಿ ಏನೋ ಎದ್ದಿದೆ ಅಥವಾ ಚೂರು ಹೋಗಿದೆ. ಮುಂದೆ ಕಣ್ಣು ಕಟ್ಟಿ ಆಡುವ ವಿಭಾಗಕ್ಕೆ ಹೋಗುವ ಆಸೆ ಇದ್ದರಂತೂ ಇದು ಬೇಕೇ ಬೇಕು, ಅಲ್ಲಿ ಬೆರಳೇ ಕಣ್ಣು.

ಸ್ಪರ್ಧೆಯ ದಿನ ಬೇಗ ಹೋಗಿ, ನಿಮ್ಮ ಸುತ್ತು ಶುರುವಾಗುವ ಮೊದಲೇ ಡೆಲಿಗೇಟ್ ಹತ್ತಿರ ಹೋಗಿ ಕ್ಯೂಬ್ ತೋರಿಸಿ, "ಇದು ನಡೆಯುತ್ತಾ ಸಾರ್?" ಅಂತ ಕೇಳಿಬಿಡಿ. ಮೊದಲ ಸಲ ಬಂದವರು ಹೀಗೆ ಕೇಳಿದರೆ ಅವರಿಗೆ ಬೇಜಾರೇನೂ ಆಗುವುದಿಲ್ಲ. ನಾನು ಆ ದಿನ ಅರ್ಧ ಗಂಟೆ ಮುಂಚೆಯೇ ಬಂದು ಮೂಲೆಯಲ್ಲಿ ಅಭ್ಯಾಸ ಮಾಡುತ್ತಾ ಕೂತಿದ್ದೆ. ಆಗಲೇ ಕೇಳಿದ್ದರೆ ಮನೆಗೆ ಫೋನ್ ಮಾಡಿ ಡ್ರಾಯರ್‌ನಲ್ಲಿದ್ದ ಹಾಳೆ ತರಿಸಬಹುದಿತ್ತು. ಇನ್ನೊಂದು ಕ್ಯೂಬ್ ಇದ್ದರೆ ಅದನ್ನೂ ಬ್ಯಾಗಿನಲ್ಲಿ ಹಾಕಿಕೊಳ್ಳಿ. ಒಂದು ಪ್ರಯತ್ನದ ನಡುವೆ ಬದಲಾಯಿಸುವ ಹಾಗಿಲ್ಲ, ಆದರೆ ಒಂದು ಪ್ರಯತ್ನ ಮುಗಿದ ಮೇಲೆ ಮುಂದಿನದಕ್ಕೆ ಬೇರೆ ಕ್ಯೂಬ್ ಕೊಡಬಹುದು. ವಾರಕ್ಕೆ ಒಂದೆರಡು ದಿನ ಆ ಎರಡನೇ ಕ್ಯೂಬ್‌ನಲ್ಲೂ ಕೈ ಆಡಿಸಿ.

ಅದೇ ಹಳೇ ಕ್ಯೂಬ್ ತಗೊಂಡು ನಾಲ್ಕು ತಿಂಗಳ ಮೇಲೆ ಮತ್ತೆ ಹೋದೆ, ಈ ಸಲ ಒಂಬತ್ತು ಹೊಸ ಕೆಂಪು ಸ್ಟಿಕ್ಕರ್‌ಗಳ ಜೊತೆ. ಡೆಲಿಗೇಟ್ ಆರೂ ಮುಖ ತಿರುಗಿಸಿ ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು. ಆ ದಿನದ ಸರಾಸರಿ 23.88. ಎರಡನೇ ಸುತ್ತಿನಲ್ಲಿ ಪಕ್ಕದ ಮೇಜಿನಲ್ಲಿ ಅದೇ ಹುಡುಗ ಕೂತಿದ್ದ, ನನಗಿಂತ ಆರು ಸೆಕೆಂಡ್ ವೇಗ.

ನಿಮ್ಮ ಕ್ಯೂಬ್‌ನಲ್ಲಿ ಕಿತ್ತುಹೋಗಿರುವುದು ಯಾವ ಬಣ್ಣ, ಎಡ್ಜ್ ಮೇಲಿನದಾ ಕಾರ್ನರ್ ಮೇಲಿನದಾ ಅಂತ ಕೆಳಗೆ ಬರೆಯಿರಿ. ಆ ಮುಖದ ಉಳಿದ ಎಂಟರ ಸವೆತ ಹೇಗಿದೆ ಅಂತಲೂ ಹೇಳಿ. ಹಾಳೆ ತರಿಸುವ ಮೊದಲು ಒಂದೇ ಮುಖ ಸಾಕಾ ಅಥವಾ ಆರೂ ಮುಖ ಬದಲಾಯಿಸಬೇಕಾ ಅಂತ ನೋಡಿ ಹೇಳುತ್ತೇನೆ.